ಕೋಡ್ ಒಪ್ಪಿತು, ಕೌಂಟರ್ ಒಪ್ಪಲಿಲ್ಲ

ಕಳೆದ ಡಿಸೆಂಬರ್‌ನ ಕೊನೆಯ ವಾರ. ಅಪ್ಪ-ಅಮ್ಮನ ಮದುವೆಯಾಗಿ ಮೂವತ್ತೈದು ವರ್ಷ ತುಂಬಿತ್ತು. ಇಬ್ಬರೂ ಯಾವತ್ತೂ ಸ್ಟಾರ್ ಹೋಟೆಲಿನಲ್ಲಿ ಉಳಿದವರಲ್ಲ. ಬೇರೆ ಊರಿಗೆ ಹೋದರೆ ನೆಂಟರ ಮನೆ, ದೇವಸ್ಥಾನಕ್ಕೆ ಹೋದರೆ ಛತ್ರ, ಅವರ ಪ್ರವಾಸ ಅಂದ್ರೆ ಅಷ್ಟೇ. ಈ ಸಲ ನಾನೂ ತಂಗಿಯೂ ಸೇರಿ ಅವರನ್ನು ಕೊಚ್ಚಿಗೆ ಕರೆದುಕೊಂಡು ಹೋದೆವು. ಬೆಳಿಗ್ಗೆ ರೈಲಿಳಿದು, ಲಗೇಜನ್ನು ಹೋಟೆಲಿನಲ್ಲೇ ಇಟ್ಟು, ಫೋರ್ಟ್ ಕೊಚ್ಚಿಯ ಚೀನೀ ಬಲೆಗಳನ್ನು ನೋಡಿಕೊಂಡು, ಮಧ್ಯಾಹ್ನ ಎರಡೂವರೆಗೆ ಚೆಕ್‌ಇನ್ ಮಾಡಲು ಕೌಂಟರ್ ಮುಂದೆ ನಿಂತೆವು.

ಆಧಾರ್ ಕಾರ್ಡ್‌ಗಳನ್ನು ಸ್ಕ್ಯಾನ್ ಮಾಡಿಕೊಂಡ ಹುಡುಗಿ ಸ್ಕ್ರೀನ್ ನೋಡಿದಳು, ನನ್ನ ಮುಖ ನೋಡಿದಳು, ನಗುತ್ತಲೇ ಇಂಗ್ಲಿಷಿನಲ್ಲಿ ಕೇಳಿದಳು: "ಸರ್, ಇದು ಕಾರ್ಪೊರೇಟ್ ರೇಟ್. ನಿಮ್ಮ ಕಂಪನಿ ಐಡಿ ಕಾರ್ಡ್ ತೋರಿಸ್ತೀರಾ?"

ನನ್ನ ಹತ್ತಿರ ಐಡಿ ಕಾರ್ಡ್ ಇತ್ತು. ಆದರೆ ಆ ಕಂಪನಿಯದ್ದಲ್ಲ.

ಆ ಕೋಡ್ ನನಗೆ ಸಿಕ್ಕಿದ್ದು ನಮ್ಮ ಇಂಜಿನಿಯರಿಂಗ್ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ದೊಡ್ಡ ಬಹುರಾಷ್ಟ್ರೀಯ ಕಂಪನಿಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಯಾವತ್ತೋ ಹಾಕಿದ್ದ, "ಟ್ರೈ ಮಾಡಿ ನೋಡ್ರೋ, ಅರ್ಧ ರೇಟಿಗೆ ಸಿಗುತ್ತೆ" ಅಂತ. ಹೋಟೆಲಿನ ವೆಬ್‌ಸೈಟಿನಲ್ಲಿ ಆ ದಿನಗಳಿಗೆ ರೂಮಿನ ದರ 11,500 ರೂಪಾಯಿ ತೋರಿಸುತ್ತಿತ್ತು. ಕೆಳಗೆ ಕಾರ್ಪೊರೇಟ್ ಕೋಡ್ ಎಂಬ ಪುಟ್ಟ ಖಾನೆ. ಅದರಲ್ಲಿ ಆ ನಾಲ್ಕೈದು ಅಕ್ಷರ-ಅಂಕಿ ಹಾಕಿ ಮತ್ತೆ ಹುಡುಕಿದೆ. 6,200 ರೂಪಾಯಿ, ಬೆಳಗಿನ ತಿಂಡಿ ಸಮೇತ. ಎರಡು ರೂಮು, ಎರಡು ರಾತ್ರಿ. ಹಿಂದೆಮುಂದೆ ನೋಡದೆ ಬುಕ್ ಮಾಡಿದೆ. ತಂಗಿಗೆ ಸ್ಕ್ರೀನ್‌ಶಾಟ್ ಕಳಿಸಿ ಬೆನ್ನು ತಟ್ಟಿಸಿಕೊಂಡೂ ಆಯಿತು.

ಈಗ ಕೌಂಟರಿನಲ್ಲಿ ನನ್ನ ಬಾಯಿಂದ ಬಂದ ಮಾತು: "ಐಡಿ ಕಾರ್ಡ್ ಮನೇಲಿ ಬಿಟ್ಟು ಬಂದಿದೀನಿ."

"ಪರವಾಗಿಲ್ಲ ಸರ್. ವಿಸಿಟಿಂಗ್ ಕಾರ್ಡ್ ಇದ್ರೂ ಆಗುತ್ತೆ. ಇಲ್ಲಾಂದ್ರೆ ನಿಮ್ಮ ಆಫೀಸ್ ಮೇಲ್ ಐಡಿಯಿಂದ ನಮಗೊಂದು ಮೇಲ್ ಕಳಿಸಿ ಸಾಕು."

ಅವಳು ಒಂದೊಂದೇ ದಾರಿ ತೆರೆದು ಕೊಡುತ್ತಿದ್ದಳು, ಪ್ರತಿ ದಾರಿಯೂ ನನಗೆ ಗೋಡೆ. ಹಿಂದೆ ಸೋಫಾದಲ್ಲಿ ಕೂತಿದ್ದ ಅಪ್ಪ ಎದ್ದು ಬಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವರು. ಕಾಪಿ ಹೊಡೆದ ಹುಡುಗನ ಮುಖ ನೋಡಿದರೆ ಅವರಿಗೆ ಗೊತ್ತಾಗುತ್ತೆ.

"ಏನಂತೋ?"

"ಏನಿಲ್ಲಪ್ಪ, ಸಿಸ್ಟಮ್ ಸ್ಲೋ ಅಂತೆ."

ಹದಿನೈದು ನಿಮಿಷದಲ್ಲಿ ಅದು ಎರಡನೇ ಸುಳ್ಳು. ಡ್ಯೂಟಿ ಮ್ಯಾನೇಜರ್ ಬಂದರು. ಅವರೂ ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಗುರುತು ತೋರಿಸದಿದ್ದರೆ ಈ ದರ ಕೊಡಲಾಗುವುದಿಲ್ಲ, ಇವತ್ತಿನ ಸಾಮಾನ್ಯ ದರ ಅನ್ವಯಿಸುತ್ತೆ, ಕನ್ಫರ್ಮೇಶನ್ ಮೇಲ್‌ನಲ್ಲೇ ಬರೆದಿದೆ ನೋಡಿ ಎಂದರು. ಫೋನ್ ತೆಗೆದು ನೋಡಿದೆ. ನಿಜ, ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಕ್ಯಾನ್ಸಲ್ ಮಾಡಿ ಬೇರೆ ಕಡೆ ಹೋಗೋಣ ಅಂದರೆ ಉಚಿತವಾಗಿ ಕ್ಯಾನ್ಸಲ್ ಮಾಡುವ ಗಡುವು ಹಿಂದಿನ ದಿನವೇ ಮುಗಿದಿತ್ತು. ಈಗ ಎದ್ದು ಹೋದರೂ ಒಂದು ರಾತ್ರಿಯ ಬಾಡಿಗೆ ಕಟ್ಟಲೇಬೇಕು. ಮೇಲಾಗಿ ಅದು ಕ್ರಿಸ್‌ಮಸ್-ಹೊಸ ವರ್ಷದ ನಡುವಿನ ಕೊಚ್ಚಿ. ಬೇರೆ ಹೋಟೆಲಿನಲ್ಲಿ ರೂಮು ಎಲ್ಲಿಂದ ತರೋದು?

ಕಾರ್ಡ್ ಉಜ್ಜಿದೆ. ಲೆಕ್ಕ ಹೀಗೆ. ಕೋಡ್ ದರದಲ್ಲಿ ಆಗಿದ್ದರೆ ನಾಲ್ಕು ರೂಮು-ರಾತ್ರಿಗಳಿಗೆ 24,800, ಅದರ ಮೇಲೆ ಶೇ 5 ಜಿಎಸ್‌ಟಿ, ಒಟ್ಟು 26,040 ರೂ. ನಾನು ಕಟ್ಟಿದ್ದು 46,000, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 54,280 ರೂ. ಇಲ್ಲಿ ನನಗೆ ಗೊತ್ತೇ ಇರದ ಒಂದು ಏಟು ತೆರಿಗೆಯದ್ದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿಯಾದರೂ ಇಡೀ ಮೊತ್ತಕ್ಕೆ ಶೇ 18. ಅಂದರೆ ದರ ಏರಿದಾಗ ಬಾಡಿಗೆ ಮಾತ್ರ ಏರುವುದಿಲ್ಲ, ತೆರಿಗೆಯ ಮೆಟ್ಟಿಲೂ ಬದಲಾಗುತ್ತೆ. 28,240 ರೂಪಾಯಿ ಹೆಚ್ಚಿಗೆ ಹೋಯಿತು.

ಈ ಕೋಡ್ ಯಾಕೆ ಇದೆ?

ವಾಪಸ್ ಬಂದ ಮೇಲೆ ನನಗೆ ಹಠ ಹಿಡಿಯಿತು. ಅಷ್ಟು ಸುಲಭವಾಗಿ ವೆಬ್‌ಸೈಟ್ ಒಪ್ಪಿಕೊಂಡಿದ್ದನ್ನು ಕೌಂಟರ್ ಯಾಕೆ ಒಪ್ಪಲಿಲ್ಲ? ಹೈಸ್ಕೂಲಿನ ಗೆಳೆಯನೊಬ್ಬ ಬೆಂಗಳೂರಿನ ಹೋಟೆಲೊಂದರ ಫ್ರಂಟ್ ಆಫೀಸಿನಲ್ಲಿ ಎಂಟು ವರ್ಷದಿಂದ ಇದ್ದಾನೆ. ಅವನನ್ನು ಒಂದು ಭಾನುವಾರ ಕಾಫಿಗೆ ಕರೆದು ಪೂರ್ತಿ ವಿಷಯ ಕೇಳಿದೆ. ನಕ್ಕು ನಕ್ಕು ಸುಸ್ತಾದ ಮೇಲೆ ವಿವರಿಸಿದ.

ದೊಡ್ಡ ಕಂಪನಿಗಳು ಪ್ರತಿ ವರ್ಷ ಹೋಟೆಲ್ ಸರಣಿಗಳ ಜೊತೆ ಚೌಕಾಸಿ ಮಾಡಿ ಒಪ್ಪಂದ ಮಾಡಿಕೊಳ್ಳುತ್ತವೆ. ನಮ್ಮವರು ವರ್ಷಕ್ಕೆ ಇಷ್ಟು ಸಾವಿರ ರಾತ್ರಿ ನಿಮ್ಮಲ್ಲಿ ಉಳಿಯುತ್ತಾರೆ, ಬದಲಿಗೆ ನಮಗೆ ಈ ದರ ಕೊಡಿ ಅಂತ. ಕೆಲವೊಮ್ಮೆ ಅದು ವರ್ಷವಿಡೀ ಒಂದೇ ನಿಗದಿತ ದರ. ಕೆಲವೊಮ್ಮೆ ಆ ದಿನದ ದರದ ಮೇಲೆ ಶೇಕಡಾ ಇಷ್ಟು ಕಡಿತ. ತಿಂಡಿ, ವೈಫೈ, ಹಿಂದಿನ ದಿನದವರೆಗೂ ಉಚಿತ ಕ್ಯಾನ್ಸಲೇಶನ್ ಎಲ್ಲ ಆ ಚೌಕಾಸಿಯ ಭಾಗ. ಆ ಒಪ್ಪಂದವನ್ನು ಸಿಸ್ಟಮ್‌ನಲ್ಲಿ ಗುರುತಿಸಲು ಇಟ್ಟಿರುವ ಹೆಸರೇ ಈ ಕೋಡ್. ಅದು ಕೂಪನ್ ಅಲ್ಲ. ಪಿಜ್ಜಾ ಆರ್ಡರ್ ಮಾಡುವಾಗ ಹಾಕುವ ಪ್ರೋಮೋ ಕೋಡ್ ಥರಾನೇ ಕಾಣಿಸುತ್ತೆ, ಎಷ್ಟೋ ಸೈಟುಗಳಲ್ಲಿ ಎರಡಕ್ಕೂ ಒಂದೇ ಖಾನೆ. ಗೊಂದಲ ಹುಟ್ಟುವುದೇ ಅಲ್ಲಿ.

ವೆಬ್‌ಸೈಟ್ ಯಾಕೆ ತಡೆಯಲ್ಲ ಅನ್ನೋದಕ್ಕೆ ಉತ್ತರ ನನಗೇ ಗೊತ್ತಿರಬೇಕಿತ್ತು. ಹೊಟ್ಟೆಪಾಡಿಗೆ ಇಂಥ ಫಾರ್ಮ್‌ಗಳನ್ನೇ ಬರೆಯುವವನು ನಾನು. ನೀವು ಯಾರು ಅನ್ನುವುದು ಒಂದು ಪ್ರಶ್ನೆ, ನಿಮಗೆ ಇದರ ಹಕ್ಕಿದೆಯಾ ಅನ್ನುವುದು ಇನ್ನೊಂದು. ಆ ಖಾನೆ ಎರಡನ್ನೂ ಕೇಳುವುದಿಲ್ಲ. ಈ ಅಕ್ಷರಗಳ ಕೋಡ್ ನಮ್ಮ ಪಟ್ಟಿಯಲ್ಲಿದೆಯಾ ಅಂತ ಮಾತ್ರ ನೋಡುತ್ತೆ. ಬೇಕೆಂದೇ ಹಾಗೆ ಮಾಡಿದ್ದಾರೆ. ಯಾಕಂದ್ರೆ ಕಂಪನಿಯವರ ಪರವಾಗಿ ಟ್ರಾವೆಲ್ ಡೆಸ್ಕ್‌ನವರು ಬುಕ್ ಮಾಡ್ತಾರೆ, ಏಜೆಂಟರು ಮಾಡ್ತಾರೆ, ಬಾಸಿನ ಸೆಕ್ರೆಟರಿ ಮಾಡ್ತಾರೆ. ಅವರನ್ನೆಲ್ಲ ಆನ್‌ಲೈನಿನಲ್ಲೇ ಪರೀಕ್ಷೆ ಮಾಡುತ್ತಾ ಕೂತರೆ ನಿಜವಾದ ಗಿರಾಕಿಗಳೇ ಬೇಸತ್ತು ಹೋಗ್ತಾರೆ. ಹಾಗಾಗಿ ಪರೀಕ್ಷೆಯನ್ನು ಕೌಂಟರಿಗೆ ಮುಂದೂಡಿದ್ದಾರೆ. ಶಕ್ತಿ ಯೋಜನೆಯ ಬಸ್ಸು ಹತ್ತೋಕೆ ಬಾಗಿಲಲ್ಲಿ ಯಾರೂ ತಡೆಯಲ್ಲ. ಟಿಕೆಟ್ ಕೊಡುವಾಗ ಕಂಡಕ್ಟರ್ ಆಧಾರ್ ಕೇಳ್ತಾರಲ್ಲ, ಹಾಗೆ.

"ಹಾಗಾದ್ರೆ ಎಲ್ಲರನ್ನೂ ಯಾಕೆ ಕೇಳಲ್ಲ? ನಮ್ಮ ಗ್ರೂಪಿನ ಮೂರು ಜನ ಅದೇ ಕೋಡಿನಲ್ಲಿ ಆರಾಮಾಗಿ ಇದ್ದು ಬಂದಿದಾರೆ."

"ಎಲ್ಲರನ್ನೂ ಕೇಳ್ತಾ ಕೂತ್ರೆ ಲೈನ್ ಲಿಫ್ಟ್ ತನಕ ಹೋಗುತ್ತೆ ಮಾರಾಯ. ಅರ್ಧ ಹೋಟೆಲ್ ಖಾಲಿ ಇದ್ದಾಗ ಯಾರು ತಲೆ ಕೆಡಿಸ್ಕೊಳ್ತಾರೆ? ಹೌಸ್‌ಫುಲ್ ದಿನ ನೋಡು, ಆಗ ಕಣ್ಣು ಬೀಳುತ್ತೆ."

ಇದರ ಹಿಂದೆ ಒಂದು ತರ್ಕ ಇದೆ. ಎಷ್ಟೋ ಒಪ್ಪಂದಗಳಲ್ಲಿ, ಒಂದೇ ಒಂದು ರೂಮು ಉಳಿದಿದ್ದರೂ ಅದನ್ನು ಆ ಕಂಪನಿಗೆ ಒಪ್ಪಿದ ದರದಲ್ಲೇ ಕೊಡಬೇಕು ಎಂಬ ಷರತ್ತು ಇರುತ್ತೆ. ಹಬ್ಬದ ರಜೆ, ಲಾಂಗ್ ವೀಕೆಂಡ್, ಊರಲ್ಲೊಂದು ಕ್ರಿಕೆಟ್ ಮ್ಯಾಚ್ ಇದ್ದಾಗ ಸಾಮಾನ್ಯ ದರ ಎರಡು ಪಟ್ಟು ಆಗಿರುತ್ತೆ, ಕೋಡಿನ ದರ ಮಾತ್ರ ಅಲ್ಲೇ ಇರುತ್ತೆ. ಅಂದರೆ ನಮ್ಮಂಥವರಿಗೆ ಕೋಡ್ ಅತ್ಯಂತ ಆಕರ್ಷಕವಾಗಿ ಕಾಣುವ ದಿನ ಮತ್ತು ಹೋಟೆಲಿನವರು ಅತ್ಯಂತ ಬಿಗಿಯಾಗಿ ಪರಿಶೀಲಿಸುವ ದಿನ ಎರಡೂ ಒಂದೇ. ಗ್ರೂಪಿನ ಆ ಮೂವರು ಹೋಗಿದ್ದು ಜುಲೈ ಮಳೆಯಲ್ಲಿ, ಮಂಗಳವಾರ-ಬುಧವಾರ. ಅವರ ಅನುಭವ ನಂಬಿ ನಾನು ಹೋಗಿದ್ದು ಡಿಸೆಂಬರ್ ಕೊನೆಗೆ.

ಅನುಮಾನ ಬರಲು ಏನೇನು ಸಾಕು ಅಂತಲೂ ಹೇಳಿದ. ವೀಕೆಂಡು, ಎರಡು ರೂಮು, ಜೊತೆಗೆ ಅಪ್ಪ-ಅಮ್ಮ ಅಥವಾ ಮಕ್ಕಳು. ಬುಕಿಂಗಿನಲ್ಲಿ ಕಂಪನಿ ಹೆಸರು ಒಂದು, ಮೇಲ್ ಐಡಿ ಜಿಮೇಲ್. ಲಾಯಲ್ಟಿ ಪ್ರೊಫೈಲಿನಲ್ಲಿ ಹಿಂದಿನ ಸಲ ಬೇರೆ ಕಂಪನಿಯ ಕೋಡಿನಲ್ಲಿ ಉಳಿದ ದಾಖಲೆ. ಕೌಂಟರಿನವರು ಬಿಟ್ಟರೂ ರಾತ್ರಿ ಲೆಕ್ಕ ತಾಳೆ ಹಾಕುವ ನೈಟ್ ಆಡಿಟರ್ ಇರ್ತಾರೆ. ಯಾವ ರೂಮು ಯಾಕೆ ಕಡಿಮೆ ದರಕ್ಕೆ ಹೋಯಿತು ಅಂತ ನೋಡೋದು ಅವರ ಕೆಲಸವೇ. ಹಾಗಾಗಿ ಚೆಕ್‌ಔಟ್ ದಿನ ಬಿಲ್ ಬದಲಾಗಿ ಬಂದರೂ ಆಶ್ಚರ್ಯ ಇಲ್ಲ.

ಯಾರಿಗೆ ನಷ್ಟ ಅನ್ನೋ ವಾದ

ಗ್ರೂಪಿನಲ್ಲಿ ನನ್ನ ಕಥೆ ಹೇಳಿದಾಗ ಒಬ್ಬ ಕೇಳಿದ: "ಇದರಲ್ಲಿ ತಪ್ಪೇನಿದೆ? ಆ ಕಂಪನಿ ಲೆಕ್ಕಕ್ಕೆ ಇನ್ನೊಂದೆರಡು ರಾತ್ರಿ ಸೇರಿತು, ಹೋಟೆಲಿಗೂ ರೂಮು ಹೋಯಿತು. ಎಲ್ಲರಿಗೂ ಲಾಭವೇ."

ಕೇಳೋಕೆ ಸರಿ ಅನ್ನಿಸುತ್ತೆ. ನನಗೂ ಬುಕ್ ಮಾಡುವಾಗ ಹಾಗೇ ಅನ್ನಿಸಿತ್ತು. ಆದರೆ ಹೋಟೆಲ್ ಆ ದರ ಕೊಟ್ಟಿದ್ದು ಸೋಮವಾರದಿಂದ ಗುರುವಾರದವರೆಗೆ, ಮಳೆಯಿರಲಿ ಬಿಸಿಲಿರಲಿ, ಕೆಲಸಕ್ಕೆಂದು ಬರುವ ಜನಕ್ಕೆ. ಅದು ಹೋಟೆಲಿಗೆ ಭದ್ರವಾದ ವ್ಯಾಪಾರ. ರಜೆಯ ದಿನ ಹೇಗೂ ಪೂರ್ತಿ ದರಕ್ಕೆ ಹೋಗುತ್ತಿದ್ದ ರೂಮನ್ನು ನಾನು ಅರ್ಧಕ್ಕೆ ತಗೊಂಡರೆ ಆ ಲೆಕ್ಕವೇ ಕೆಡುತ್ತೆ. ಇದೇ ಜಾಸ್ತಿಯಾದರೆ ಮುಂದಿನ ವರ್ಷ ಒಪ್ಪಂದಕ್ಕೆ ಕೂತಾಗ ಹೋಟೆಲಿನವರು ದರ ಏರಿಸ್ತಾರೆ, ಇಲ್ಲವೇ ರಜಾದಿನಗಳನ್ನು ಒಪ್ಪಂದದಿಂದ ತೆಗೆದುಹಾಕ್ತಾರೆ. ಹೊಡೆತ ಬೀಳುವುದು ಆ ಕಂಪನಿಯಿಂದ ಡಿಸೆಂಬರಿನಲ್ಲಿ ನಿಜವಾಗಿ ಕೆಲಸದ ಮೇಲೆ ಬರುವವನಿಗೆ.

ಕೋಡ್ ಹಂಚಿದವನ ಕಥೆಯೂ ಇದೆ. ಹೋಟೆಲ್ ಸರಣಿಗಳು ತಮ್ಮ ದೊಡ್ಡ ಗಿರಾಕಿ ಕಂಪನಿಗಳಿಗೆ ವರದಿ ಕೊಡುತ್ತವೆ, ನಿಮ್ಮ ಕೋಡಿನಲ್ಲಿ ಎಲ್ಲೆಲ್ಲಿ, ಎಷ್ಟು ರಾತ್ರಿ ಹೋಯಿತು ಅಂತ. ಆಫೀಸೇ ಇಲ್ಲದ ಊರಿನಲ್ಲಿ, ರಜಾದಿನದಲ್ಲಿ ಉಳಿದವರ ಸಾಲು ಅದರಲ್ಲಿ ಎದ್ದು ಕಾಣುತ್ತೆ. ಕಂಪನಿಯ ಒಳಗಿನ ವ್ಯಾಪಾರದ ದರವನ್ನು ಹೊರಗೆ ಹಂಚುವುದು ಬಹಳ ಕಡೆ ಗೌಪ್ಯತೆಯ ನಿಯಮದ ಉಲ್ಲಂಘನೆ. ಕೆಲಸಕ್ಕೆ ಸೇರುವಾಗ ಓದದೆ ಸಹಿ ಹಾಕಿದ ಕಾಗದದಲ್ಲಿ ಅದೂ ಇರುತ್ತೆ. ನಮ್ಮ ಗೆಳೆಯ ಆ ಮೆಸೇಜನ್ನು ಡಿಲೀಟ್ ಮಾಡೋಕೆ ಹೋದ. ಅಷ್ಟು ತಿಂಗಳ ಹಿಂದಿನದು, ಎಲ್ಲರ ಫೋನಿನಿಂದ ಅಳಿಸುವ ಆಯ್ಕೆಯೇ ಬರಲಿಲ್ಲ.

ನಾನು ಅದೇ ಕಂಪನಿಯವನೇ, ನನಗೇನು?

ಇದನ್ನು ಓದುತ್ತಿರುವ ಅನೇಕರ ಪ್ರಶ್ನೆ ಇದೇ ಇರಬಹುದು. ನಿಮ್ಮ ಕಂಪನಿಯದೇ ಕೋಡ್, ಐಡಿ ಕಾರ್ಡ್ ಕೊರಳಲ್ಲೇ ಇದೆ. ಕೌಂಟರಿನಲ್ಲಿ ತೊಂದರೆ ಇಲ್ಲ, ನಿಜ. ತೊಂದರೆ ಬೇರೆ ಬಾಗಿಲಿನಿಂದ ಬರುತ್ತೆ.

ನನ್ನ ಹಳೆಯ ಸಹೋದ್ಯೋಗಿಯೊಬ್ಬ ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಗೋವಾಕ್ಕೆ ಹೋದ. ತನ್ನದೇ ಕಂಪನಿಯ ಕೋಡ್ ಹಾಕಿದ, ಐಡಿ ತೋರಿಸಿದ, ದುಡ್ಡು ತನ್ನ ಜೇಬಿನಿಂದಲೇ ಕೊಟ್ಟ. ಮೂರು ದಿನ ಸುಖವಾಗಿ ಇದ್ದು ಬಂದ. ಎರಡು ತಿಂಗಳಾದ ಮೇಲೆ ಫೈನಾನ್ಸ್ ವಿಭಾಗದಿಂದ ಮೇಲ್: "ಈ ಇನ್‌ವಾಯ್ಸಿಗೆ ಸಂಬಂಧಿಸಿದ ಟ್ರಾವೆಲ್ ರಿಕ್ವೆಸ್ಟ್ ನಂಬರ್ ಕೊಡಿ."

ಆಗಿದ್ದು ಇಷ್ಟು. ಕೋಡಿನ ಜೊತೆ ಕಂಪನಿಯ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಎಲ್ಲ ಹೋಟೆಲಿನ ಸಾಫ್ಟ್‌ವೇರಿನಲ್ಲಿ ಮೊದಲೇ ಇತ್ತು. ಬಿಲ್ ಮಾಡುವಾಗ ಅದು ತಾನಾಗಿ ಬಂದು ಕೂತಿತು. ಇವನು ಚೆಕ್‌ಔಟ್ ಗಡಿಬಿಡಿಯಲ್ಲಿ ಮೊತ್ತ ನೋಡಿದನೇ ಹೊರತು ಮೇಲಿನ ಹೆಸರು ನೋಡಲಿಲ್ಲ. ಹೋಟೆಲ್ ತನ್ನ ತಿಂಗಳ ರಿಟರ್ನ್, ಅಂದರೆ ಜಿಎಸ್‌ಟಿಆರ್-1 ಸಲ್ಲಿಸಿದಾಗ ಆ ಬಿಲ್ಲು ಕಂಪನಿಯ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಗೆ ಬಂದು ಸೇರಿತು. ಪ್ರತಿ ತಿಂಗಳು 14ರಂದು ತಯಾರಾಗುವ ಪಟ್ಟಿ ಅದು. ನಮ್ಮ ಹೆಸರಿನಲ್ಲಿ ಯಾರು ಯಾರು ಬಿಲ್ ಮಾಡಿದ್ದಾರೆ ಅಂತ ಕಂಪನಿಗೆ ಸರ್ಕಾರವೇ ತೋರಿಸಿಕೊಡುವ ಕನ್ನಡಿ. ಫೈನಾನ್ಸ್‌ನವರು ಅದನ್ನು ತಮ್ಮ ಲೆಕ್ಕದ ಜೊತೆ ಸಾಲು ಸಾಲಾಗಿ ಹೊಂದಿಸ್ತಾರೆ. ಹೊಂದದ ಸಾಲು ಸಿಕ್ಕರೆ ಹಿಂದೆ ಬೀಳ್ತಾರೆ.

ಅವನ ಹನಿಮೂನು ಕಂಪನಿಯ ತೆರಿಗೆ ದಾಖಲೆಯಲ್ಲಿ ಸೇರಿಕೊಂಡಿತ್ತು. ಸ್ವಂತ ಉಪಯೋಗದ ಖರ್ಚಿಗೆ ಕಂಪನಿ ತೆರಿಗೆ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ ಎಂದು ಜಿಎಸ್‌ಟಿ ಕಾಯ್ದೆಯ 17(5)ನೇ ಕಲಂ ಹೇಳುತ್ತೆ. ಗೊತ್ತಿಲ್ಲದೆ ತೆಗೆದುಕೊಂಡಿದ್ದರೆ ಬಡ್ಡಿ ಸಮೇತ ವಾಪಸ್ ಮಾಡುವ ತಲೆನೋವು ಕಂಪನಿಗೆ. (ಹಾಗೆ ನೋಡಿದರೆ ಗೋವಾ ಹೋಟೆಲಿನ ತೆರಿಗೆ ಗೋವಾದ್ದೇ, ಕರ್ನಾಟಕದಲ್ಲಿ ಮಾತ್ರ ನೋಂದಣಿ ಇರುವ ಕಂಪನಿಗೆ ಅದರ ಕ್ರೆಡಿಟ್ ಸಿಗುವುದೂ ಇಲ್ಲ. ಆದರೂ ವಿವರಣೆ ಕೊಡಬೇಕಾದವರು ಕೊಡಲೇಬೇಕು.) ಕಂಪನಿಯ ನಿಯಮದಲ್ಲಿ ಆ ಕೋಡ್ ಕೆಲಸದ ಪ್ರಯಾಣಕ್ಕೆ ಮಾತ್ರ ಎಂದು ಸ್ಪಷ್ಟವಾಗಿತ್ತು. ಕೆಲಸ ಹೋಗಲಿಲ್ಲ. ಎಚ್ಚರಿಕೆಯ ಪತ್ರವೊಂದು ಫೈಲಿಗೆ ಸೇರಿತು. ಅದು ಬಡ್ತಿಯ ಪಟ್ಟಿ ತಯಾರಾಗುತ್ತಿದ್ದ ಸಮಯ. ಆ ವರ್ಷ ಅವನ ಹೆಸರು ಬರಲಿಲ್ಲ. ಆ ಪತ್ರವೇ ಕಾರಣ ಅಂತ ಯಾರೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ.

ಎಲ್ಲ ಕಂಪನಿಯೂ ಹೀಗೇ ಅಂತಲ್ಲ. ಸ್ವಂತ ರಜೆಗೂ ಬಳಸಿಕೊಳ್ಳಿ ಎಂದು ಬೇರೆಯೇ ಕೋಡ್ ಕೊಡುವ ಕಂಪನಿಗಳು ಬೇಕಾದಷ್ಟಿವೆ. ನೌಕರರ ಸೌಲಭ್ಯಗಳ ಪೋರ್ಟಲಿನಲ್ಲಿ ಜಿಮ್ ರಿಯಾಯಿತಿ, ಲ್ಯಾಪ್‌ಟಾಪ್ ರಿಯಾಯಿತಿಯ ಪಕ್ಕದಲ್ಲೇ ಅದೂ ಇರುತ್ತೆ, ನಾವು ನೋಡಿರೋದಿಲ್ಲ ಅಷ್ಟೇ. ಟ್ರಾವೆಲ್ ಡೆಸ್ಕಿಗೋ ಎಚ್‌ಆರ್‌ಗೋ ಎರಡು ಸಾಲಿನ ಮೇಲ್ ಹಾಕಿ: ಈ ಕೋಡನ್ನು ಸ್ವಂತ ಪ್ರವಾಸಕ್ಕೆ ಬಳಸಬಹುದೇ, ಜೊತೆಗೆ ಕುಟುಂಬ ಇದ್ದರೆ, ಎರಡನೇ ರೂಮಿಗೂ ಅನ್ವಯಿಸುತ್ತದೆಯೇ? ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ. ಫೋನಿನಲ್ಲಿ "ನಡೆಯುತ್ತೆ ಬಿಡಿ" ಅಂದದ್ದು ಲೆಕ್ಕಕ್ಕೆ ಬರಲ್ಲ. ಚೆಕ್‌ಔಟ್ ಆಗುವಾಗ ಬಿಲ್ಲಿನ ಮೇಲೆ ನಿಮ್ಮ ಹೆಸರು ಮಾತ್ರ ಇರಲಿ, ಕಂಪನಿಯ ಜಿಎಸ್‌ಟಿ ನಂಬರ್ ಬೇಡ ಅಂತ ಬಾಯಿಬಿಟ್ಟು ಹೇಳಿ. ಇನ್ನೊಂದು ವಿಷಯ, ಕೆಲವು ಒಪ್ಪಂದಗಳಲ್ಲಿ ಬಿಲ್ಲು ನೇರವಾಗಿ ಕಂಪನಿಗೇ ಹೋಗುವ ವ್ಯವಸ್ಥೆ ಇರುತ್ತೆ. ಹಾಗಾದರಂತೂ ಸಮಜಾಯಿಷಿ ಕೊಡುವುದೇ ಕಷ್ಟ.

ಕಾರ್ಡ್ ಪ್ರಿಂಟ್ ಮಾಡಿಸಿದರೆ?

ಕೊಚ್ಚಿಯ ಕಥೆ ಕೇಳಿದ ಇನ್ನೊಬ್ಬ ಗೆಳೆಯ ಕೊಟ್ಟ ಸಲಹೆ ಇದು: "ಒಂದು ವಿಸಿಟಿಂಗ್ ಕಾರ್ಡ್ ಡಿಸೈನ್ ಮಾಡಿ ನೂರು ರೂಪಾಯಿಗೆ ಪ್ರಿಂಟ್ ಹಾಕಿಸ್ಕೊಂಡು ಹೋಗೋದಪ್ಪ." ತಮಾಷೆಗೆ ಹೇಳಿದನೋ ನಿಜಕ್ಕೋ ಗೊತ್ತಾಗಲಿಲ್ಲ. ಆದರೆ ಹೀಗೆ ಮಾಡುವವರು ಇದ್ದಾರಂತೆ, ಫ್ರಂಟ್ ಆಫೀಸ್ ಗೆಳೆಯನೇ ಹೇಳಿದ.

ಇಲ್ಲಿಗೆ ಬಂದರೆ ವಿಷಯ ರಿಯಾಯಿತಿಯದ್ದಾಗಿ ಉಳಿಯಲ್ಲ. ಕೋಡ್ ಹಾಕಿ ಸಿಕ್ಕಿಬಿದ್ದರೆ ಹೋಟೆಲಿನವರು ಸಾಮಾನ್ಯವಾಗಿ ವ್ಯತ್ಯಾಸದ ಹಣ ಕಟ್ಟಿಸಿಕೊಂಡು ಸುಮ್ಮನಾಗ್ತಾರೆ. ಅವರಿಗೆ ಬೇಕಾಗಿರೋದು ದುಡ್ಡು, ಜಗಳ ಅಲ್ಲ. ನಕಲಿ ಐಡಿಯೋ ನಕಲಿ ಪತ್ರವೋ ಕೌಂಟರಿನ ಮೇಲೆ ಇಟ್ಟ ಕ್ಷಣ ಅದು ಬೇರೆ ಆಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 318ನೇ ಕಲಂ ವಂಚನೆಯದ್ದು, 319 ಬೇರೆಯವರಂತೆ ನಟಿಸಿ ವಂಚಿಸುವುದು, 336 ನಕಲಿ ದಾಖಲೆ ಸೃಷ್ಟಿಸುವುದು. ಆನ್‌ಲೈನಿನಲ್ಲಿ ಬೇರೆಯವರಂತೆ ನಟಿಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಬೇರೆ ಇದೆ, ಮೂರು ವರ್ಷದವರೆಗೆ ಜೈಲು. ಪಾಸ್‌ಪೋರ್ಟ್, ವೀಸಾ, ಹೊಸ ಕೆಲಸದ ಹಿನ್ನೆಲೆ ಪರಿಶೀಲನೆ ಅಂತ ಓಡಾಡುವ ನಮ್ಮ ವಯಸ್ಸಿನವರಿಗೆ ಒಂದು ಪೊಲೀಸ್ ದೂರು ಎಷ್ಟು ದುಬಾರಿ ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ.

ಹೋಟೆಲ್ ನೌಕರರು ತಮ್ಮ ಸ್ನೇಹಿತರಿಗೆ, ಮನೆಯವರಿಗೆ ಕೊಡಿಸುವ ದರ ಇನ್ನೂ ಅಪಾಯದ್ದು. ಅದು ಕಾರ್ಪೊರೇಟ್ ದರಕ್ಕಿಂತ ಅಗ್ಗ, ಆದ್ದರಿಂದ ಬಿಗಿಯೂ ಹೆಚ್ಚು. ನೌಕರನ ಸಹಿಯೋ ಅನುಮತಿಯೋ ಇರುವ ಫಾರ್ಮ್ ಕೇಳುತ್ತಾರೆ. ದುಡ್ಡಿಗೆ ಅದನ್ನು ಮಾರಿಕೊಂಡದ್ದು ಗೊತ್ತಾದರೆ ಮೊದಲು ಹೋಗೋದು ಆ ನೌಕರನ ಕೆಲಸ. ಟೆಲಿಗ್ರಾಂ ಗುಂಪುಗಳಲ್ಲಿ ಐನೂರು-ಸಾವಿರಕ್ಕೆ ಕೋಡ್ ಮಾರುವವರಿದ್ದಾರೆ. ನಿಮ್ಮ ಹತ್ತಿರ ದುಡ್ಡು ತಗೊಂಡವನು ನಾಳೆ ಗುಂಪಿನಿಂದ ಮಾಯವಾದರೆ ಯಾರಿಗೆ ದೂರು ಕೊಡ್ತೀರಿ, ಏನಂತ ಕೊಡ್ತೀರಿ? ಇದರ ಜೊತೆಗೇ ಓಡುವ ಇನ್ನೊಂದು ಮೋಸ, ಕೋಡ್ ಹಾಕಿದ ಲಿಂಕ್ ಅಂತ ಹೇಳಿ ಹೋಟೆಲಿನ ಸೈಟಿನಂತೆಯೇ ಕಾಣುವ ನಕಲಿ ಸೈಟಿಗೆ ಕರೆದೊಯ್ಯುವುದು. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಚಾರ್‌ಧಾಮ್ ಯಾತ್ರಿಕರನ್ನು ಗುರಿಯಾಗಿಸಿದ ಇಂಥ ನಕಲಿ ಬುಕಿಂಗ್ ಸೈಟುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹಾಗೆ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಲಾಯಲ್ಟಿ ಪಾಯಿಂಟ್ ಕೂಡಿಸಿಟ್ಟವರಿಗೆ ಒಂದು ಮಾತು. ದೊಡ್ಡ ಸರಣಿಗಳ ಸದಸ್ಯತ್ವದ ನಿಯಮಗಳಲ್ಲಿ, ದುರುಪಯೋಗ ಕಂಡುಬಂದರೆ ಖಾತೆ ಮುಚ್ಚಿ ಪಾಯಿಂಟ್ ರದ್ದು ಮಾಡುವ ಹಕ್ಕು ಅವರ ಕೈಯಲ್ಲೇ ಇರುತ್ತೆ. ವರ್ಷಗಟ್ಟಲೆ ಕೆಲಸದ ಓಡಾಟದಲ್ಲಿ ಸೇರಿಸಿದ್ದು ಒಂದು ವೀಕೆಂಡಿಗಾಗಿ ಹೋಗಬಹುದು. ವಿಮಾನದಲ್ಲೂ ಕಥೆ ಇದೇ. ವಿದ್ಯಾರ್ಥಿ ದರ, ಸೈನಿಕರ ದರ, ಹಿರಿಯ ನಾಗರಿಕರ ದರ ಎಲ್ಲಕ್ಕೂ ಏರ್‌ಪೋರ್ಟಿನಲ್ಲಿ ದಾಖಲೆ ಕೇಳಬಹುದು. ಹೋಟೆಲಿನಲ್ಲಾದರೆ ದುಡ್ಡು ಕಟ್ಟಿ ರೂಮಿಗೆ ಹೋಗಬಹುದು, ಅಲ್ಲಿ ವಿಮಾನವೇ ತಪ್ಪಬಹುದು.

ಹಾಗಾದರೆ ಪೂರ್ತಿ ದರ ಕಟ್ಟಬೇಕಾ?

ಇಲ್ಲಪ್ಪ. ತಮಾಷೆ ಅಂದ್ರೆ, ಕಾರ್ಪೊರೇಟ್ ದರವೇ ಯಾವಾಗಲೂ ಅಗ್ಗ ಅಲ್ಲ. ಬೆಂಗಳೂರಿನಂಥ ಊರಿನ ಬಿಸಿನೆಸ್ ಹೋಟೆಲುಗಳು ಶನಿವಾರ-ಭಾನುವಾರ ಖಾಲಿ ಹೊಡೀತಾ ಇರ್ತವೆ. ಆಗ ಸಾಮಾನ್ಯ ದರವೇ ಇಳಿದಿರುತ್ತೆ, ನಿಗದಿತ ಕಾರ್ಪೊರೇಟ್ ದರ ಅದಕ್ಕಿಂತ ಜಾಸ್ತಿ ಇರೋದೂ ಉಂಟು. ಸರಣಿಯ ಸದಸ್ಯತ್ವ ಪುಕ್ಕಟೆ, ಸೇರಿದ ತಕ್ಷಣ ಸದಸ್ಯರ ದರ ಕಾಣುತ್ತೆ. ದಿನ ಖಚಿತ ಇದ್ದರೆ ಮುಂಗಡ ಪಾವತಿಯ ದರ ಇನ್ನೂ ಕಡಿಮೆ. ಆದರೆ ಅದು ವಾಪಸ್ ಸಿಗದ ದುಡ್ಡು, ಮನೆಯಲ್ಲಿ ವಯಸ್ಸಾದವರಿದ್ದರೆ ಯೋಚಿಸಿ ಮಾಡಿ. ಕ್ರೆಡಿಟ್ ಕಾರ್ಡಿನ ರಿಯಾಯಿತಿಗಳು ನಿಮಗೇ ಗೊತ್ತಿರುತ್ತವೆ.

ನಮ್ಮ ಪೀಳಿಗೆ ಮರೆತಿರೋ ಒಂದು ವಿದ್ಯೆ ಅಂದ್ರೆ ಹೋಟೆಲಿಗೆ ನೇರ ಫೋನ್ ಮಾಡಿ ಮಾತಾಡೋದು. "ಅಪ್ಪ-ಅಮ್ಮನ ಮದುವೆ ವಾರ್ಷಿಕೋತ್ಸವ, ಎರಡು ರೂಮು, ಎರಡು ರಾತ್ರಿ, ನಿಮ್ಮ ಕಡೆಯಿಂದ ಏನು ಮಾಡಿಕೊಡ್ತೀರಿ?" ದರ ಇಳಿಸದಿದ್ದರೂ ತಿಂಡಿ ಸೇರಿಸ್ತಾರೆ, ತಡವಾಗಿ ಚೆಕ್‌ಔಟ್ ಕೊಡ್ತಾರೆ, ಒಂದು ಕೇಕ್ ಕಳಿಸ್ತಾರೆ. ಫ್ರಂಟ್ ಆಫೀಸ್ ಗೆಳೆಯ ಹೇಳಿದ್ದು: "ಬುಕಿಂಗ್ ಆ್ಯಪಿಗೆ ಕೊಡೋ ಕಮಿಷನ್ ನಮಗೆ ಉಳಿಯುತ್ತಲ್ಲ, ಅದರಲ್ಲಿ ಸ್ವಲ್ಪ ನಿಂಗೆ ಕೊಡೋಕೆ ನಮಗೇನು ಕಷ್ಟ?" ಅಪ್ಪ-ಅಮ್ಮನ ಜೊತೆಯ ಪ್ರವಾಸವಾದರೆ ಕೆಎಸ್‌ಟಿಡಿಸಿಯ ಮಯೂರ ಹೋಟೆಲುಗಳನ್ನೂ ಒಮ್ಮೆ ನೋಡಿ. ಥಳಕು ಕಡಿಮೆ, ಜಾಗ ಮಾತ್ರ ಬಹುತೇಕ ಒಳ್ಳೆಯ ಕಡೆ ಇರುತ್ತೆ.

ಅಪ್ಪನಿಗೆ ನಾನು ಏನೂ ಹೇಳಿರಲಿಲ್ಲ. ಕೊಚ್ಚಿಯಲ್ಲಿ ಎರಡು ದಿನ ಅವರು ಖುಷಿಯಾಗೇ ಇದ್ದರು, ಅಮ್ಮ ಬಫೆಯಲ್ಲಿ ಅಪ್ಪಂ ಮಾಡಿಸಿಕೊಂಡು ತಿಂದರು, ಇಬ್ಬರೂ ಬೋಟಿನಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಯುಗಾದಿಗೆ ಊರಿಗೆ ಹೋದಾಗ ತಂಗಿ ಬಾಯಿಬಿಟ್ಟಳು. ಅಪ್ಪ ಬೈಯಲಿಲ್ಲ. ಊಟ ಮುಗಿಸಿ ಕೈ ತೊಳೆದು ಬಂದು ನನ್ನ ಪಕ್ಕ ಕೂತರು.

"ಅಷ್ಟು ಕಷ್ಟ ಇದ್ರೆ ಹೇಳಬಾರದಾಗಿತ್ತೇನೋ? ನನ್ನ ಪಿಂಚಣಿ ಇತ್ತಲ್ಲ."

ಕಷ್ಟ ಏನಿರಲಿಲ್ಲಪ್ಪ ಅಂತ ಹೇಳೋಕೆ ಹೋದೆ. ಹಾಗಂದ್ರೆ ಯಾಕೆ ಮಾಡಿದೆ ಅಂತ ಕೇಳ್ತಾರೆ. ಸುಮ್ಮನಾದೆ.

ದಸರಾ ರಜೆಗೆ ಈಗ ಹಂಪಿ ಅಂತ ತೀರ್ಮಾನವಾಗಿದೆ. ರೂಮ್ ಬುಕ್ ಮಾಡುವ ಕೆಲಸವನ್ನು ಅಪ್ಪ ನನ್ನಿಂದ ಕಿತ್ತುಕೊಂಡಿದ್ದಾರೆ. ಮೊನ್ನೆ ಫೋನ್ ಮಾಡಿದಾಗ ಅವರು ಕಮಲಾಪುರದ ಹೋಟೆಲಿನವರ ಜೊತೆ ಲ್ಯಾಂಡ್‌ಲೈನಿನಲ್ಲಿ ಮಾತಾಡ್ತಾ ಇದ್ದರು. ಅಮ್ಮ ಮೊಬೈಲನ್ನು ಅವರ ಹತ್ತಿರ ಹಿಡಿದರು, ನನಗೂ ಕೇಳಲಿ ಅಂತ. "ಹಿರಿಯ ನಾಗರಿಕರಿಗೆ ಏನಾದ್ರೂ ರಿಯಾಯಿತಿ ಇದೆಯಾ? ಇದ್ರೆ ಯಾವ ದಾಖಲೆ ತರಬೇಕು, ಒರಿಜಿನಲ್ಲೋ ಜೆರಾಕ್ಸೋ, ನಿಧಾನಕ್ಕೆ ಹೇಳಿ, ಬರ್ಕೊಳ್ತೀನಿ."